ಅಂತರಜಾಲ ವೇದಿಕೆಗಳೂ ಲೆಕ್ಕ ಕೇಳುವ ಹಕ್ಕೂ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಪೀಠಿಕೆ

ವ್ಯಾಪಾರವಿರುವಲ್ಲಿ ಅಳತೆ ಇರಬೇಕು. ಅಳತೆ ಇರುವಲ್ಲಿ ಅದನ್ನು ಪರೀಕ್ಷಿಸುವವನೊಬ್ಬನು ಇರಬೇಕು. ಈ ಮಾತು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳ ಮೇಲ್ವಿಚಾರಣೆಗೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿಯುಂಟು. ನಮ್ಮ ಕಾಲದಲ್ಲಿ 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ಅಂಗಡಿಯ ತಕ್ಕಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ಸರಕಾರದ ಮುದ್ರೆ ಒತ್ತುತ್ತಾರೆ. ಅಂಗಡಿಯವನು ಪ್ರಾಮಾಣಿಕನೇ ಆಗಿರಬಹುದು. ಆದರೂ ಅವನ ತಕ್ಕಡಿಯನ್ನು ಅವನೇ ಪರೀಕ್ಷಿಸಿ, ಅವನೇ ಮುದ್ರೆ ಹಾಕಿಕೊಳ್ಳಲು ಸಮಾಜವು ಒಪ್ಪುವುದಿಲ್ಲ.

ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಹಳ್ಳಿಗಳಿಂದ ಬಂದ ಮಿತ್ರರು ನೋಡಿಯೇ ಇರುತ್ತೀರಿ. ಸುತ್ತ ನಿಂತವರಿಗೆ ಟವೆಲು ಕಾಣುತ್ತದೆ, ಬೆರಳುಗಳ ಲೆಕ್ಕ ಕಾಣುವುದಿಲ್ಲ. ಇಂಥ ಗುಟ್ಟಿನ ವ್ಯಾಪಾರದಿಂದ ಬೆಳೆಗಾರನಿಗೆ ನಷ್ಟವಾಗಬಾರದೆಂದೇ ನಿಯಂತ್ರಿತ ಮಾರುಕಟ್ಟೆಗಳೂ ಬಹಿರಂಗ ಹರಾಜೂ ಬಂದವು. ನಮ್ಮ ರಾಜ್ಯದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮವು ಆ ದಾರಿಯಲ್ಲಿ ಇಟ್ಟ ದೊಡ್ಡ ಹೆಜ್ಜೆ. ಕಾನೂನಾದ ಮಾತ್ರಕ್ಕೆ ಮೋಸವೆಲ್ಲ ನಿಂತಿತೆಂದು ಯಾರೂ ಹೇಳಲಾರರು. ಆದರೆ ಲೆಕ್ಕ ಕೇಳುವುದು ರೈತನ ಹಕ್ಕಾಯಿತು. ಇದು ಸಣ್ಣ ಮಾತಲ್ಲ.

ಇಂದು ಎಲ್ಲಕ್ಕಿಂತ ದೊಡ್ಡ ಸಂತೆ ನಡೆಯುತ್ತಿರುವುದು ಅಂತರಜಾಲದಲ್ಲಿ. ಸುದ್ದಿ, ಜಾಹೀರಾತು, ಸರಕು, ಸ್ನೇಹ, ದಿನಗೂಲಿ ಎಲ್ಲವನ್ನೂ ಅಲ್ಲಿ ಒಂದು ಕಾಣದ ತಕ್ಕಡಿ ತೂಗುತ್ತಿದೆ. ಆ ತಕ್ಕಡಿಯನ್ನು ನೋಡುವ ಹಕ್ಕು ಯಾರಿಗಿದೆ? ಒಡೆಯನು ಹೇಳಿದ್ದನ್ನು ನಂಬುವುದೇ ನಮ್ಮ ಪಾಡೋ, ಅಥವಾ ಬೇರೊಬ್ಬನು ಪರೀಕ್ಷಿಸಿ ನೋಡಬಹುದೋ? ಯೂರೋಪಿನ ಒಂದು ಕಾನೂನನ್ನೂ ನಮ್ಮ ರಾಜ್ಯದ ಒಂದು ಕಾನೂನನ್ನೂ ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ತೂಗುವ ಯಂತ್ರ

ಮೊದಲು ಶಬ್ದಗಳ ಅರ್ಥವನ್ನು ತಿಳಿದುಕೊಳ್ಳೋಣ. ಸ್ವತಃ ಏನನ್ನೂ ಬರೆಯದೆ, ಏನನ್ನೂ ಮಾರದೆ, ಬರೆಯುವವರನ್ನೂ ಓದುವವರನ್ನೂ, ಮಾರುವವರನ್ನೂ ಕೊಳ್ಳುವವರನ್ನೂ ಒಂದೆಡೆ ಕೂಡಿಸುವ ಅಂತರಜಾಲದ ಸಂಸ್ಥೆಗೆ 'ವೇದಿಕೆ' ಎನ್ನುತ್ತಾರೆ. ಅಲ್ಲಿ ನಾವು ಒತ್ತುವ ಪ್ರತಿಯೊಂದು ಗುಂಡಿಯೂ, ಒಂದು ಚಿತ್ರದ ಮುಂದೆ ನಾವು ತಡೆದ ಪ್ರತಿಯೊಂದು ಕ್ಷಣವೂ ದಾಖಲೆಯಾಗುತ್ತದೆ. ಈ ದಾಖಲೆಗಳ ರಾಶಿಯೇ 'ದತ್ತಾಂಶ'. ಆ ರಾಶಿಯನ್ನು ಬಳಸಿಕೊಂಡು ಯಾರಿಗೆ ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ಹಿಂದೆ ಸರಿಸಬೇಕೆಂದು ನಿರ್ಧರಿಸುವ ಕಟ್ಟಳೆಗಳ ಕ್ರಮವೇ 'ಅಲ್ಗಾರಿದಂ'. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಎಂಬ ಗಣಿತಜ್ಞನ ಹೆಸರಿನಿಂದ ಹುಟ್ಟಿದ ಶಬ್ದವಿದು.

ಈ ಕಟ್ಟಳೆ ಮೊದಲಿನಿಂದಲೂ ಇದ್ದುದಲ್ಲ. ಫೇಸ್‌ಬುಕ್ ಸಂಸ್ಥೆಯು ಸ್ನೇಹಿತರ ಸಮಾಚಾರಗಳನ್ನೆಲ್ಲ ಒಂದೇ ಪುಟದಲ್ಲಿ ಜೋಡಿಸಿ ಕೊಡುವ ಪದ್ಧತಿಯನ್ನು ಆರಂಭಿಸಿದ್ದು 2006ರಲ್ಲಿ. ಇನ್‌ಸ್ಟಾಗ್ರಾಂ 2016ರವರೆಗೆ ಚಿತ್ರಗಳನ್ನು ಬಂದ ಕಾಲದ ಕ್ರಮದಲ್ಲಿಯೇ ತೋರಿಸುತ್ತಿತ್ತು. ಆ ವರ್ಷ ಅದನ್ನು ಬಿಟ್ಟು, ನೋಡುವವನಿಗೆ ಯಾವುದು ರುಚಿಸೀತೆಂದು ಯಂತ್ರವು ಊಹಿಸಿದ ಕ್ರಮಕ್ಕೆ ತಿರುಗಿತು. ಕಾಲಕ್ರಮದ ಕಟ್ಟಳೆಯನ್ನು ಎಂಟನೆಯ ತರಗತಿಯ ಹುಡುಗನೂ ಪರೀಕ್ಷಿಸಬಲ್ಲ: ಮೊದಲು ಬಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಎಂದು ನೋಡಿದರಾಯಿತು. ಊಹೆಯ ಕಟ್ಟಳೆಯನ್ನು ಹೊರಗಿನವರು ಪರೀಕ್ಷಿಸುವ ಬಗೆಯೇ ಇಲ್ಲ.

ಇದರಿಂದ ಆಗುವ ಬಾಧಕವೇನು? ಒಂದು ಉದಾಹರಣೆ ಸಾಕು. 2017ರಿಂದ ಫೇಸ್‌ಬುಕ್ಕಿನ ಯಂತ್ರವು ಒಂದು ಬರಹಕ್ಕೆ ಬಂದ ಸಾಧಾರಣ ಮೆಚ್ಚುಗೆಗೆ ಒಂದು ಅಂಕ ಕೊಟ್ಟರೆ, ಕೋಪ, ನಗು, ದುಃಖ ಮೊದಲಾದ ಮುಖಚಿಹ್ನೆಗಳಿಗೆ ಐದು ಅಂಕಗಳನ್ನು ಕೊಡುತ್ತಿತ್ತು. ಕೋಪ ಬರಿಸುವ ಬರಹ ಹೆಚ್ಚು ಜನರ ಮುಂದೆ ಬಂದು ನಿಲ್ಲುವುದಕ್ಕೆ ಇದು ದಾರಿ ಮಾಡಿಕೊಟ್ಟಿತು. ಮುಂದೆ ಸಂಸ್ಥೆಯೇ ಕೋಪದ ಅಂಕವನ್ನು ಇಳಿಸುತ್ತ ಬಂದು, 2020ರಲ್ಲಿ ಸೊನ್ನೆಗೆ ತಂದಿತು. ಆದರೆ ಓದುತ್ತಿದ್ದ ಕೋಟ್ಯಂತರ ಜನರಿಗೆ ಆ ಐದು ಅಂಕದ ವಿಷಯ ಗೊತ್ತಾದದ್ದು 2021ರಲ್ಲಿ. ಅದೂ ಸಂಸ್ಥೆಯ ಹೇಳಿಕೆಯಿಂದಲ್ಲ, ಅಲ್ಲಿ ಕೆಲಸದಲ್ಲಿದ್ದ ಫ್ರಾನ್ಸೆಸ್ ಹಾಗೆನ್ ಎಂಬಾಕೆ ಒಳಗಿನ ಕಾಗದಪತ್ರಗಳನ್ನು ಹೊರಕ್ಕೆ ತಂದುದರಿಂದ. ಆಕೆ ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಒಬ್ಬ ನೌಕರಳ ಧೈರ್ಯವನ್ನೇ ನಂಬಿಕೊಂಡು ಲೋಕದ ಲೆಕ್ಕ ತಪಾಸಣೆ ನಡೆಯಬೇಕೆ?

ಹೇಳಿಕೆ ಬೇರೆ, ಪರೀಕ್ಷೆ ಬೇರೆ

'ಪಾರದರ್ಶಕತೆ' ಎಂಬ ಶಬ್ದವನ್ನು ಸಂಸ್ಥೆಗಳೂ ಧಾರಾಳವಾಗಿ ಬಳಸುತ್ತವೆ. ವರ್ಷಕ್ಕಿಷ್ಟು ವರದಿ ಪ್ರಕಟಿಸಿ, ನಾವು ಎಲ್ಲವನ್ನೂ ತೆರೆದಿಟ್ಟಿದ್ದೇವೆ ಎನ್ನುತ್ತವೆ. ಆದರೆ ತನ್ನ ವಿಷಯವನ್ನು ತಾನು ಹೇಳುವುದು ಒಂದು. ಹೇಳಿದ್ದು ನಿಜವೇ ಎಂದು ಇನ್ನೊಬ್ಬನು ನೋಡುವುದು ಮತ್ತೊಂದು. ಈ ಭೇದವನ್ನು ಸ್ಪಷ್ಟಪಡಿಸುವ ನಾಲ್ಕು ಸಂಗತಿಗಳನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು: ಫೇಸ್‌ಬುಕ್ ಸಂಸ್ಥೆಯು 'ಸೋಶಿಯಲ್ ಸೈನ್ಸ್ ಒನ್' ಎಂಬ ಯೋಜನೆಯ ಮೂಲಕ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ದತ್ತಾಂಶ ಕೊಡಲು 2018ರಲ್ಲಿ ಒಪ್ಪಿತು. ಒಳ್ಳೆಯ ಕೆಲಸವೆಂದು ಎಲ್ಲರೂ ಕೊಂಡಾಡಿದರು. 2021ರಲ್ಲಿ ಇಟಲಿಯ ಉರ್ಬಿನೋ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು ಆ ದತ್ತಾಂಶವನ್ನು ಸಂಸ್ಥೆಯೇ ಪ್ರಕಟಿಸಿದ ಇನ್ನೊಂದು ವರದಿಯೊಡನೆ ತಾಳೆ ನೋಡಿದಾಗ ಎರಡೂ ಕೂಡಿಬರಲಿಲ್ಲ. ವಿಚಾರಿಸಿದಾಗ, ಅಮೆರಿಕದ ಬಳಕೆದಾರರಲ್ಲಿ ಸುಮಾರು ಅರ್ಧದಷ್ಟು ಜನರ ಲೆಕ್ಕವೇ ಅದರಲ್ಲಿ ಬಿಟ್ಟುಹೋಗಿತ್ತೆಂದು ಹೊರಬಿತ್ತು. ಸಂಸ್ಥೆ ಕ್ಷಮೆ ಕೇಳಿತು. ಉದ್ದೇಶಪೂರ್ವಕವಾಗಿ ಬಿಟ್ಟರೆಂದು ನಾನು ಹೇಳುತ್ತಿಲ್ಲ. ಎರಡನೆಯ ಲೆಕ್ಕವೊಂದು ಕೈಗೆ ಸಿಕ್ಕದೆ ಹೋಗಿದ್ದರೆ ಆ ದೋಷ ಇನ್ನೆಷ್ಟು ಕಾಲ ಹಾಗೆಯೇ ಉಳಿಯುತ್ತಿತ್ತೋ ಎಂಬುದೇ ಇಲ್ಲಿ ಮುಖ್ಯ.

ಎರಡನೆಯದು: ಚುನಾವಣೆಯ ಜಾಹೀರಾತುಗಳು ಯಾರಿಗೆ ಹೇಗೆ ತಲುಪುತ್ತವೆಂದು ತಿಳಿಯಲು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು, ತಾವಾಗಿ ಒಪ್ಪಿ ಮುಂದೆ ಬಂದ ಬಳಕೆದಾರರ ಸಹಾಯದಿಂದ ಅವರಿಗೆ ಕಂಡ ಜಾಹೀರಾತುಗಳನ್ನು ಸಂಗ್ರಹಿಸುತ್ತಿದ್ದರು. 2021ರ ಆಗಸ್ಟಿನಲ್ಲಿ ಫೇಸ್‌ಬುಕ್ ಆ ಸಂಶೋಧಕರ ಖಾತೆಗಳನ್ನೇ ಮುಚ್ಚಿತು. ಅಮೆರಿಕದ ವ್ಯಾಪಾರ ಆಯೋಗದ ಆಜ್ಞೆಯನ್ನು ಪಾಲಿಸುವುದಕ್ಕಾಗಿ ಹೀಗೆ ಮಾಡಿದೆವೆಂದು ಕಾರಣ ಕೊಟ್ಟಿತು. ಆ ಕಾರಣ ಸರಿಯಲ್ಲವೆಂದು ಆಯೋಗದ ಅಧಿಕಾರಿಯೇ ಬರೆದು ತಿಳಿಸಿದರು.

ಮೂರನೆಯದು: ಯಾವ ಸುದ್ದಿ ಎಷ್ಟು ವೇಗವಾಗಿ ಹರಡುತ್ತಿದೆ ಎಂದು ಪತ್ರಕರ್ತರೂ ಸಂಶೋಧಕರೂ ನೋಡಲು 'ಕ್ರೌಡ್‌ಟ್ಯಾಂಗಲ್' ಎಂಬ ಉಪಕರಣವಿತ್ತು. ಫೇಸ್‌ಬುಕ್ ಇದನ್ನು 2016ರಲ್ಲಿ ಕೊಂಡುಕೊಂಡಿತ್ತು. ಮೆಟಾ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆ 2024ರ ಆಗಸ್ಟ್ 14ರಂದು ಇದನ್ನು ನಿಲ್ಲಿಸಿತು. ಅದರ ಬದಲಿಗೆ ಬೇರೊಂದು ಭಂಡಾರವನ್ನು ತೆರೆಯಿತಾದರೂ ಅದರ ಬಾಗಿಲು ಹಿಂದಿನಷ್ಟು ಅಗಲವಾಗಿರಲಿಲ್ಲ.

ನಾಲ್ಕನೆಯದು: ಟ್ವಿಟರ್ ಸಂಸ್ಥೆಯು 2023ರ ಮಾರ್ಚ್ 31ರಂದು ತನ್ನ ಅಲ್ಗಾರಿದಮ್ಮಿನ ಬರವಣಿಗೆಯ ಒಂದು ಭಾಗವನ್ನು ಲೋಕದ ಮುಂದಿಟ್ಟಿತು. ಮೇಲುನೋಟಕ್ಕೆ ಇದಕ್ಕಿಂತ ಪಾರದರ್ಶಕತೆ ಬೇಡವೆನ್ನಿಸಬಹುದು. ಆದರೆ ಆ ಯಂತ್ರಕ್ಕೆ ಪಾಠ ಕಲಿಸಿದ ದತ್ತಾಂಶವನ್ನು ಕೊಡಲಿಲ್ಲ. ಅಷ್ಟೇ ಅಲ್ಲ, ಅದಕ್ಕೆ ಕೆಲವೇ ವಾರಗಳ ಹಿಂದೆ, ಸಂಶೋಧಕರು ಉಚಿತವಾಗಿ ದತ್ತಾಂಶ ಪಡೆಯುತ್ತಿದ್ದ ದಾರಿಯನ್ನು ಮುಚ್ಚುವುದಾಗಿ ಸಾರಿತ್ತು. ಅಡುಗೆಯ ವಿಧಾನವನ್ನು ಓದಿ ಹೇಳಿ, ಅಡುಗೆಮನೆಗೆ ಬೀಗ ಹಾಕಿದಂತಾಯಿತು!

ಈ ನಾಲ್ಕು ಸಂಗತಿಗಳಿಂದ ಸಿದ್ಧವಾಗುವುದು ಒಂದೇ: ಕೊಡುವುದೂ ಬಿಡುವುದೂ ಸಂಸ್ಥೆಯ ಇಚ್ಛೆಗೆ ಸೇರಿದ್ದಾದರೆ ಅದು ಔದಾರ್ಯವಾದೀತೇ ಹೊರತು ಪಾರದರ್ಶಕತೆಯಾಗದು. ಔದಾರ್ಯವನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಹಕ್ಕನ್ನು ಹಾಗೆ ತೆಗೆದುಕೊಳ್ಳಲಾಗದು.

ಯೂರೋಪಿನ ಕಾನೂನು

ಯೂರೋಪಿನ ಒಕ್ಕೂಟವು 2022ರಲ್ಲಿ 'ಡಿಜಿಟಲ್ ಸೇವೆಗಳ ಅಧಿನಿಯಮ'ವನ್ನು ಅಂಗೀಕರಿಸಿತು. ಅದು ಆ ವರ್ಷದ ನವೆಂಬರ್ 16ರಂದು ಜಾರಿಗೆ ಬಂದು, 2024ರ ಫೆಬ್ರವರಿ 17ರಿಂದ ಪೂರ್ಣವಾಗಿ ಅನ್ವಯವಾಗುತ್ತಿದೆ. ಒಕ್ಕೂಟದಲ್ಲಿ ತಿಂಗಳಿಗೆ 4.5 ಕೋಟಿಗಿಂತ ಕಡಿಮೆಯಿಲ್ಲದಷ್ಟು ಬಳಕೆದಾರರಿರುವ ವೇದಿಕೆಗಳನ್ನು, ಎಂದರೆ ಅಲ್ಲಿಯ ಜನಸಂಖ್ಯೆಯ ಹತ್ತರಲ್ಲೊಂದು ಪಾಲು ಜನರನ್ನು ಮುಟ್ಟುವ ವೇದಿಕೆಗಳನ್ನು, ಅದು 'ಅತಿ ದೊಡ್ಡವು' ಎಂದು ಪ್ರತ್ಯೇಕಿಸುತ್ತದೆ. 2023ರ ಏಪ್ರಿಲಿನಲ್ಲಿ ಮೊದಲ ಬಾರಿಗೆ 17 ವೇದಿಕೆಗಳೂ 2 ಶೋಧಯಂತ್ರಗಳೂ ಈ ಪಟ್ಟಿಗೆ ಸೇರಿದವು. ದೊಡ್ಡವನಿಗೆ ದೊಡ್ಡ ಹೊಣೆ ಎಂಬುದು ಇಲ್ಲಿಯ ತತ್ತ್ವ.

ಈ ಕಾನೂನಿನ ಏರ್ಪಾಡನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿಕೊಂಡರೆ ತಿಳಿಯುವುದು ಸುಲಭ.

ಒಂದನೆಯ ಮೆಟ್ಟಿಲು, ಎಲ್ಲರಿಗೂ ತಿಳಿಸುವುದು. ಯಾವ ಯಾವ ಅಂಶಗಳನ್ನು ನೋಡಿ ಒಂದನ್ನು ಮುಂದೆ ತೋರಿಸುತ್ತೇವೆಂಬುದನ್ನು ವೇದಿಕೆಯು ತನ್ನ ಷರತ್ತುಗಳಲ್ಲಿ ಸರಳ ಭಾಷೆಯಲ್ಲಿ ಬರೆಯಬೇಕು. ಅತಿ ದೊಡ್ಡ ವೇದಿಕೆಗಳು, ಬಳಕೆದಾರನ ನಡೆನುಡಿಯನ್ನು ಅಳೆಯದೆಯೇ ತೋರಿಸುವ ಒಂದು ಕ್ರಮವನ್ನಾದರೂ ಆಯ್ಕೆಗೆ ಇಡಬೇಕು. ತೋರಿಸಿದ ಜಾಹೀರಾತುಗಳ ಸಾರ್ವಜನಿಕ ಸಂಗ್ರಹವನ್ನು ಇಟ್ಟಿರಬೇಕು.

ಎರಡನೆಯ ಮೆಟ್ಟಿಲು, ಬಲ್ಲವರಿಗೆ ತೆರೆದು ತೋರಿಸುವುದು. ಅತಿ ದೊಡ್ಡ ವೇದಿಕೆಗಳು ವರ್ಷಕ್ಕೊಮ್ಮೆ ಸ್ವತಂತ್ರ ಲೆಕ್ಕಪರಿಶೋಧನೆಗೆ ಒಳಗಾಗಬೇಕು. ಇದಲ್ಲದೆ ಕಾನೂನಿನ 40ನೆಯ ವಿಧಿಯಂತೆ, ಸಮಾಜಕ್ಕೆ ವೇದಿಕೆಗಳಿಂದ ಒದಗಬಹುದಾದ ಅಪಾಯಗಳನ್ನು ಅಧ್ಯಯನ ಮಾಡುವ ಸಂಶೋಧಕರಿಗೆ ಒಳಗಿನ ದತ್ತಾಂಶವನ್ನು ಒದಗಿಸಬೇಕು. ಇದರ ವಿವರವಾದ ನಿಯಮಗಳನ್ನು ಯೂರೋಪಿನ ಆಯೋಗವು 2025ರ ಜುಲೈ 2ರಂದು ಅಂಗೀಕರಿಸಿತು. ಅವು ಅದೇ ವರ್ಷದ ಅಕ್ಟೋಬರ್ 29ರಂದು ಜಾರಿಗೆ ಬಂದವು.

ಮೂರನೆಯ ಮೆಟ್ಟಿಲು, ಬಾಧಿತನಾದವನಿಗೆ ಕಾರಣ ಹೇಳುವುದು. ಒಬ್ಬನ ಬರಹವನ್ನು ತೆಗೆದರೆ, ಅಥವಾ ಅವನ ಖಾತೆಯನ್ನು ಮುಚ್ಚಿದರೆ, ಏಕೆ ಎಂಬುದನ್ನು ಅವನಿಗೆ ತಿಳಿಸಬೇಕು. ಆ ನಿರ್ಧಾರವನ್ನು ಪ್ರಶ್ನಿಸಲು ಅವನಿಗೆ ದಾರಿ ಇರಬೇಕು.

ಉಲ್ಲಂಘಿಸಿದವರಿಗೆ ಲೋಕದಾದ್ಯಂತ ಅವರು ನಡೆಸುವ ವಾರ್ಷಿಕ ವಹಿವಾಟಿನ ನೂರಕ್ಕೆ 6ರವರೆಗೆ ದಂಡ ವಿಧಿಸಬಹುದು. ಇದು ಬರಿಯ ಬೆದರಿಕೆಯಲ್ಲ. 2025ರ ಡಿಸೆಂಬರ್ 5ರಂದು ಆಯೋಗವು, ಹಿಂದೆ ಟ್ವಿಟರ್ ಎಂದಿದ್ದ 'ಎಕ್ಸ್' ಸಂಸ್ಥೆಗೆ 12 ಕೋಟಿ ಯೂರೋ ದಂಡ ವಿಧಿಸಿತು. ಹೇಳಿದ ಮೂರು ಕಾರಣಗಳಲ್ಲಿ, ಜಾಹೀರಾತು ಸಂಗ್ರಹ ಸರಿಯಾಗಿಲ್ಲವೆಂಬುದು ಒಂದು. ಸಂಶೋಧಕರಿಗೆ ಸಾರ್ವಜನಿಕ ದತ್ತಾಂಶವನ್ನು ಒದಗಿಸಲಿಲ್ಲವೆಂಬುದು ಇನ್ನೊಂದು.

ಎರಡು ಆಕ್ಷೇಪಣೆಗಳು

ಯಾವ ವಿಷಯವನ್ನೇ ಆಗಲಿ ಎದುರು ಪಕ್ಷದ ಮಾತನ್ನು ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲ. ದತ್ತಾಂಶವನ್ನು ತೆರೆಯುವುದರ ವಿರುದ್ಧ ಎರಡು ಬಲವಾದ ಆಕ್ಷೇಪಣೆಗಳುಂಟು.

ಮೊದಲನೆಯದು, ಜನರ ಖಾಸಗಿ ಬದುಕಿನ ಪ್ರಶ್ನೆ. 2018ರ ಮಾರ್ಚಿನಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣವನ್ನು ಯಾರೂ ಮರೆಯಲಾಗದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕನೊಬ್ಬನು ರಚಿಸಿದ ಪ್ರಶ್ನಾವಳಿಯ ಆ್ಯಪನ್ನು ಸುಮಾರು 2.7 ಲಕ್ಷ ಜನ ಬಳಸಿದರು. ಅವರ ಸ್ನೇಹಿತರ ವಿವರಗಳೂ ಸೇರಿ 8.7 ಕೋಟಿಯಷ್ಟು ಜನರ ಮಾಹಿತಿ ಒಂದು ರಾಜಕೀಯ ಸಲಹಾ ಸಂಸ್ಥೆಯ ಕೈಸೇರಿತು. ಆ ಸ್ನೇಹಿತರನ್ನು ಯಾರೂ ಕೇಳಿರಲಿಲ್ಲ. ಸಂಶೋಧನೆಯ ಹೆಸರಿನಲ್ಲಿಯೇ ಈ ಅನಾಹುತ ನಡೆಯಿತೆಂಬುದು ಗಮನಾರ್ಹ. ಆದುದರಿಂದಲೇ ಯೂರೋಪಿನ ಕಾನೂನು ಬಾಗಿಲು ತೆರೆಯುವಾಗ ಕಾವಲನ್ನೂ ಇಟ್ಟಿದೆ. ಸಂಶೋಧಕನು ಒಂದು ಸಂಶೋಧನ ಸಂಸ್ಥೆಗೆ ಸೇರಿದವನಾಗಿರಬೇಕು. ವ್ಯಾಪಾರದ ಹಿತಾಸಕ್ತಿ ಇಲ್ಲದವನಾಗಿರಬೇಕು. ಹಣ ಎಲ್ಲಿಂದ ಬಂತೆಂದು ಹೇಳಬೇಕು. ದತ್ತಾಂಶವನ್ನು ಸುರಕ್ಷಿತವಾಗಿಡಬಲ್ಲನೆಂದು ತೋರಿಸಬೇಕು. ಬೇಕಾದಷ್ಟಕ್ಕಿಂತ ಹೆಚ್ಚು ಕೇಳಬಾರದು. ಕಂಡುಕೊಂಡದ್ದನ್ನು ಉಚಿತವಾಗಿ ಪ್ರಕಟಿಸಬೇಕು. ಇಷ್ಟನ್ನೂ ಪರಿಶೀಲಿಸಿ ಅನುಮತಿ ಕೊಡುವವನು ವೇದಿಕೆಯ ಒಡೆಯನಲ್ಲ, ಸರಕಾರವು ನೇಮಿಸಿದ ಸ್ವತಂತ್ರ ಪ್ರಾಧಿಕಾರ.

ಎರಡನೆಯದು, ವ್ಯಾಪಾರ ರಹಸ್ಯದ ಪ್ರಶ್ನೆ. ಕೋಟಿಗಟ್ಟಲೆ ಹಣ ಹಾಕಿ ರಚಿಸಿದ ಯಂತ್ರದ ಮರ್ಮವನ್ನು ಪ್ರತಿಸ್ಪರ್ಧಿಗೆ ತಿಳಿಯುವಂತೆ ಬಿಚ್ಚಿಡಬೇಕೆ ಎಂದು ಸಂಸ್ಥೆಗಳು ಕೇಳುತ್ತವೆ. ಇದರಲ್ಲಿಯೂ ಅರ್ಥವಿದೆ. ಇದಕ್ಕಾಗಿ ದತ್ತಾಂಶದ ಬೇಡಿಕೆ ಬಂದ 15 ದಿನಗಳೊಳಗೆ, ಅದರಿಂದ ತನ್ನ ರಹಸ್ಯಕ್ಕೋ ಭದ್ರತೆಗೋ ಧಕ್ಕೆಯೆಂದು ತೋರಿಸಿ, ಬೇಡಿಕೆಯನ್ನು ಬದಲಾಯಿಸುವಂತೆ ಕೋರಲು ವೇದಿಕೆಗೆ ಅವಕಾಶವುಂಟು. ಹಾಗೆ ಕೋರುವಾಗ ಬೇರೆ ಯಾವ ಬಗೆಯಲ್ಲಿ ಕೊಡಬಲ್ಲೆನೆಂಬುದನ್ನೂ ಅದೇ ಸೂಚಿಸಬೇಕು. ಔಷಧ ತಯಾರಿಸುವವನಿಗೂ ರಹಸ್ಯವಿರುತ್ತದೆ. ಆದರೂ ಅವನು ಔಷಧವನ್ನು ಪರೀಕ್ಷೆಗೆ ಒಪ್ಪಿಸಿದ ಮೇಲೆಯೇ ಮಾರಬೇಕಲ್ಲವೆ?

ನನ್ನದೂ ಒಂದು ಎಚ್ಚರಿಕೆಯ ಮಾತನ್ನು ಸೇರಿಸುತ್ತೇನೆ. ಲೆಕ್ಕ ನೋಡುವ ಹಕ್ಕು ಸರಕಾರವೊಂದರ ಕೈಯಲ್ಲಿಯೇ ಉಳಿದರೆ, ತಕ್ಕಡಿಯನ್ನು ಪರೀಕ್ಷಿಸಲು ಬಂದವನು ಗಿರಾಕಿಯ ಜೇಬನ್ನು ತಡಕಿದಂತಾದೀತು. ಯಾರು ಏನು ಬರೆದರೆಂದು ಹುಡುಕುವುದಕ್ಕೆ ಈ ಹಕ್ಕು ಇರುವುದಲ್ಲ. ಯಂತ್ರವು ಹೇಗೆ ತೂಗಿತೆಂದು ತಿಳಿಯುವುದಕ್ಕೆ ಇರುವುದು. ಆದುದರಿಂದ ವಿಶ್ವವಿದ್ಯಾಲಯದಂಥ ಮೂರನೆಯವರೊಬ್ಬರು ನಡುವೆ ಇರುವುದು ಅವಶ್ಯಕ.

ಒಬ್ಬನ ಪ್ರಶ್ನೆ, ಸಾವಿರಾರು ಜನರ ಲೆಕ್ಕ

ಇಷ್ಟು ಹೊತ್ತು ಓದುವವರ, ನೋಡುವವರ ಮಾತಾಯಿತು. ಇನ್ನು, ವೇದಿಕೆಯೇ ಕೆಲಸ ಹಂಚುವ ಯಜಮಾನನಾದಾಗ ಏನಾಗುತ್ತದೆಂದು ನೋಡೋಣ.

ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲಿಗ. ನನ್ನ ಅಣ್ಣನು ಹತ್ತನೆಯ ತರಗತಿಗೆ ಓದು ಬಿಟ್ಟು ಬೆಂಗಳೂರಿಗೆ ಹೋಗಿ, ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ನನ್ನ ಪರೀಕ್ಷಾ ಶುಲ್ಕವೂ ಪುಸ್ತಕದ ಹಣವೂ ಆ ದುಡಿಮೆಯಿಂದಲೇ ಬರುವುದು. ಕಳೆದ ವರ್ಷ ಒಂದು ಬೆಳಿಗ್ಗೆ ಅವನ ಐಡಿ ಬ್ಲಾಕ್ ಆಗಿತ್ತು. ಏಕೆಂದು ಆ್ಯಪಿನಲ್ಲಿ ಕೇಳಿದರೆ, ನಿಯಮಗಳ ಉಲ್ಲಂಘನೆ ಎಂಬ ಒಂದೇ ಸಾಲಿನ ಉತ್ತರ. ಯಾವ ನಿಯಮ, ಎಂದು ಉಲ್ಲಂಘನೆ, ಹೇಳುವವರಿಲ್ಲ. ಆರು ದಿನಗಳ ಮೇಲೆ ತಾನಾಗಿಯೇ ತೆರೆದುಕೊಂಡಿತು. ತೆರೆದದ್ದೇಕೆಂದೂ ಹೇಳಲಿಲ್ಲ. "ಮೇಸ್ತ್ರಿ ಬೈದರೆ ಎದುರು ನಿಂತು ಕೇಳಬಹುದು ಕಣೋ. ಇದನ್ನ ಯಾರ ಹತ್ರ ಕೇಳೋದು?" ಎಂದು ಅವನು ಫೋನಿನಲ್ಲಿ ಅಂದ. ನಾನು ಈ ವಿಷಯವನ್ನು ಓದತೊಡಗಿದ್ದು ಆಮೇಲೆ.

ಅಣ್ಣನ ಪ್ರಶ್ನೆಯನ್ನೇ ಹೋಲುವ ಪ್ರಶ್ನೆಯೊಂದು ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಂ ನಗರದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಿತ್ತು. ಊಬರ್ ಮತ್ತು ನಮ್ಮ ಬೆಂಗಳೂರಿನ ಓಲಾ ಸಂಸ್ಥೆಗಳ ಕಾರು ಓಡಿಸುತ್ತಿದ್ದ ಚಾಲಕರು, ತಮ್ಮ ಬಗ್ಗೆ ಇಟ್ಟಿರುವ ದತ್ತಾಂಶವನ್ನೂ ಯಂತ್ರದ ನಿರ್ಧಾರಗಳ ಕಾರಣಗಳನ್ನೂ ಕೊಡಿಸಬೇಕೆಂದು ಯೂರೋಪಿನ ದತ್ತಾಂಶ ರಕ್ಷಣೆಯ ಕಾನೂನಿನಡಿ ಕೇಳಿದರು. 2023ರ ಏಪ್ರಿಲ್ 4ರಂದು ನ್ಯಾಯಾಲಯವು ಬಹುಪಾಲು ಚಾಲಕರ ಪರವಾಗಿ ತೀರ್ಪಿತ್ತಿತು. ಚಾಲಕನು ಮೋಸ ಮಾಡುವ ಸಂಭವವೆಷ್ಟೆಂದು ಓಲಾ ಸಂಸ್ಥೆಯು ಲೆಕ್ಕಹಾಕಿ ಇಟ್ಟಿದ್ದ ಅಂಕದ ವಿವರವನ್ನು ತಿಳಿಸಬೇಕೆಂದಿತು. ಊಬರ್ ಕೆಲವು ಚಾಲಕರ ಖಾತೆ ಮುಚ್ಚಿದಾಗ ನಡುವೆ ಮನುಷ್ಯರಿದ್ದರೆಂಬ ವಾದವನ್ನು, ಆ ಮನುಷ್ಯರ ಪಾತ್ರ ಹೆಸರಿಗೆ ಮಾತ್ರವೆಂದು ತಳ್ಳಿಹಾಕಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ನನ್ನ ಲೇಖನದ ಮುಖ್ಯ ಮಾತೂ ಇದೇ. ನನ್ನ ಅಣ್ಣನಿಗೆ ಕಾರಣ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ನೀನು ಮೂರು ಆರ್ಡರುಗಳನ್ನು ತಡವಾಗಿ ತಲುಪಿಸಿದೆ, ಆದ್ದರಿಂದ ಮುಚ್ಚಿದೆವು ಎಂದು ಉತ್ತರ ಬಂದಿತೆನ್ನಿ. ಈ ನಿಯಮವನ್ನು ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸಿದ್ದಾರೆಯೇ? ಮಳೆಯ ದಿನದ ತಡವನ್ನೂ ಬಿಸಿಲಿನ ದಿನದ ತಡವನ್ನೂ ಒಂದೇ ಎಂದು ಎಣಿಸಿದ್ದಾರೆಯೇ? ದೂರದ ಬಡಾವಣೆಯ ಆರ್ಡರುಗಳೆಲ್ಲ ಕೆಲವರಿಗೇ ಬೀಳುತ್ತಿವೆಯೇ? ಇದಾವುದನ್ನೂ ಅವನು ತನ್ನೊಬ್ಬನ ಫೋನನ್ನು ನೋಡಿ ತಿಳಿಯಲಾರ. ಒಂದು ಮೂಟೆಯನ್ನು ಒಂದು ಸಲ ತೂಗಿ ತಕ್ಕಡಿಯ ದೋಷವನ್ನು ಕಂಡುಹಿಡಿಯಲಾಗದು. ಹಲವು ಮೂಟೆಗಳನ್ನು ಬೇರೆ ತಕ್ಕಡಿಯಲ್ಲಿಯೂ ತೂಗಿ ತಾಳೆ ನೋಡಬೇಕು. ಎಂದರೆ, ಒಬ್ಬನಿಗೆ ಕಾರಣ ಕೇಳುವ ಹಕ್ಕು ಎಷ್ಟು ಅವಶ್ಯಕವೋ, ಸಾವಿರಾರು ಜನರ ದತ್ತಾಂಶವನ್ನು ಒಟ್ಟಾಗಿ ಪರೀಕ್ಷಿಸುವ ಹಕ್ಕು ಯಾರಿಗಾದರೂ ಇರುವುದು ಅಷ್ಟೇ ಅವಶ್ಯಕ. ಮೊದಲನೆಯದಿಲ್ಲದಿದ್ದರೆ ಬಾಧಿತನಿಗೆ ಪರಿಹಾರವಿಲ್ಲ. ಎರಡನೆಯದಿಲ್ಲದಿದ್ದರೆ ಅವನಿಗೆ ಹೇಳಿದ ಕಾರಣ ನಿಜವೇ ಎಂದು ನೋಡುವವರಿಲ್ಲ.

ನಮ್ಮ ನಾಡಿನಲ್ಲಿ

ಈ ದೃಷ್ಟಿಯಿಂದ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. 2005ರ ಮಾಹಿತಿ ಹಕ್ಕು ಅಧಿನಿಯಮವು ನಮಗೆ ಸರಕಾರದ ಕಚೇರಿಗಳ ಕಡತಗಳನ್ನು ಕೇಳುವ ಹಕ್ಕನ್ನು ಕೊಟ್ಟಿತು. ಖಾಸಗಿ ವೇದಿಕೆಗಳು ನೇರವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ವೇದಿಕೆಗಳು ಪ್ರತಿ ತಿಂಗಳೂ ವರದಿ ಪ್ರಕಟಿಸಬೇಕು. ಆದರೆ ಅದು ಒಡೆಯನೇ ಬರೆದ ಲೆಕ್ಕ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ತನ್ನ ಬಗೆಗಿನ ಮಾಹಿತಿಯನ್ನು ಕೇಳುವ ಹಕ್ಕು ಅದರಲ್ಲಿ ಪ್ರತಿಯೊಬ್ಬನಿಗೂ ಉಂಟು. ಇದೂ ಒಬ್ಬೊಬ್ಬನ ಹಕ್ಕೇ. ಯೂರೋಪಿನ 40ನೆಯ ವಿಧಿಯಂತೆ ಸಂಶೋಧಕನು ವೇದಿಕೆಯ ದತ್ತಾಂಶವನ್ನು ಕೇಳುವ ಶಾಸನಬದ್ಧ ಹಕ್ಕು ನಮ್ಮಲ್ಲಿ ಇಲ್ಲ.

ಕೆಲಸಗಾರರ ವಿಷಯದಲ್ಲಿ ಮಾತ್ರ ನಮ್ಮ ರಾಜ್ಯವು ಮುಂದಡಿ ಇಟ್ಟಿದೆ. 2023ರಲ್ಲಿ ರಾಜಸ್ಥಾನವು ದೇಶದಲ್ಲಿಯೇ ಮೊದಲ ಬಾರಿಗೆ ಇಂಥ ಕಾನೂನು ಮಾಡಿತು. ಕರ್ನಾಟಕವು 2025ರ ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿ, ಆಗಸ್ಟಿನಲ್ಲಿ ಶಾಸನಸಭೆಯ ಒಪ್ಪಿಗೆ ಪಡೆದು, ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಅಧಿನಿಯಮವನ್ನು ಜಾರಿಗೆ ತಂದಿತು. ಕಾರ್ಮಿಕನಿಗೆ ಕೊಡುವ ಪ್ರತಿಯೊಂದು ಪಾವತಿಯ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ವೇದಿಕೆಯು ತೆರಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಕೆಲಸವನ್ನು ಅಳೆದು ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕನು ಮಾಹಿತಿ ಕೇಳಬಹುದು. ಅದನ್ನು ಕೇಳುವ ಕ್ರಮವನ್ನು ಸರಳ ಭಾಷೆಯಲ್ಲಿ ಅವನಿಗೆ ತಿಳಿಸಬೇಕು. ಅಣ್ಣನ ಪ್ರಶ್ನೆಗೆ ಒಂದು ವಿಳಾಸ ಸಿಕ್ಕಂತಾಯಿತು.

ಇದು ನಾನು ಮೇಲೆ ಹೇಳಿದ ಮೂರನೆಯ ಮೆಟ್ಟಿಲು. ಎರಡನೆಯ ಮೆಟ್ಟಿಲನ್ನು ನಾವಿನ್ನೂ ಕಟ್ಟಿಲ್ಲ. ಆದರೆ ಅದಕ್ಕೆ ಬೇಕಾದ ಕಲ್ಲು ಆಗಲೇ ಅಂಗಳಕ್ಕೆ ಬಂದು ಬಿದ್ದಿದೆ. ಇದೇ ಅಧಿನಿಯಮದಂತೆ ವೇದಿಕೆಗಳು ಕಾರ್ಮಿಕರಿಗೆ ಮಾಡುವ ಪಾವತಿಗಳು ಸರಕಾರದ ಪರಿಶೀಲನಾ ವ್ಯವಸ್ಥೆಯೊಂದರಲ್ಲಿ ದಾಖಲಾಗತಕ್ಕದ್ದು. ಆ ದಾಖಲೆಗಳಿಂದ ಹೆಸರು, ಫೋನು, ವಿಳಾಸಗಳನ್ನು ತೆಗೆದುಹಾಕಿ, ಮೇಲೆ ಹೇಳಿದಂಥ ಕಾವಲನ್ನಿಟ್ಟು, ರಾಜ್ಯದ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ವಿಭಾಗಗಳಿಗೆ ಅಧ್ಯಯನಕ್ಕೆ ಕೊಟ್ಟರೆ, ಒಂದೇ ಕೆಲಸಕ್ಕೆ ಒಂದೇ ಕೂಲಿ ಸಿಗುತ್ತಿದೆಯೇ ಎಂಬುದನ್ನಾದರೂ ತಿಳಿಯಬಹುದು. ಕೆಲಸ ಹಂಚಿದ ದಾಖಲೆಯನ್ನೂ ಮುಚ್ಚಿದ ಖಾತೆಗಳ ದಾಖಲೆಯನ್ನೂ ಮುಂದೆ ಸೇರಿಸಬಹುದು. ಇದಕ್ಕೆ ಯೂರೋಪಿನಷ್ಟು ಹಣ ಬೇಕಿಲ್ಲ. ಕಾನೂನಿನ ನಿಯಮಗಳಲ್ಲಿ ಒಂದು ಪ್ರಕರಣ ಸೇರಿಸುವ ಮನಸ್ಸು ಬೇಕು.

ಉಪಸಂಹಾರ

ಮೇಲಿನ ವಿಚಾರದ ಸಾರಾಂಶವಿಷ್ಟು. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಪಾರದರ್ಶಕತೆಯಲ್ಲ. ಬೇರೆಯವರು ಪರೀಕ್ಷಿಸಲು ಬರುವಂತಿದ್ದರೆ ಮಾತ್ರ ಅದು ಪಾರದರ್ಶಕತೆ. ಬಾಧಿತನಾದ ಒಬ್ಬನಿಗೆ ಕಾರಣವೂ, ಸಮಾಜದ ಪರವಾಗಿ ಅಧ್ಯಯನ ಮಾಡುವವರಿಗೆ ದತ್ತಾಂಶವೂ, ಇವೆರಡೂ ಕಾನೂನಿನಿಂದ ದೊರೆಯಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಒಂಟೆತ್ತಿನ ಬಂಡಿಯಂತೆ ಹೆಚ್ಚು ದೂರ ಸಾಗದು.

ಇದರಲ್ಲಿ ವಿದ್ಯಾರ್ಥಿಗಳಾದ ನಮ್ಮ ಪಾಲೂ ಉಂಟು. ನಾಳೆ ಹಕ್ಕು ಬಂದರೂ ಆ ಲೆಕ್ಕವನ್ನು ಓದಬಲ್ಲವರು ಇಲ್ಲದಿದ್ದರೆ ಪ್ರಯೋಜನವೇನು? ಇದು ವಿಜ್ಞಾನದ ವಿಷಯ, ನಮಗೇಕೆ ಎಂದು ಕಲಾ ವಿಭಾಗದವರು ಸುಮ್ಮನಿರುವಂತಿಲ್ಲ. ಯಂತ್ರವನ್ನು ರಚಿಸುವುದು ವಿಜ್ಞಾನದ ಕೆಲಸವಿರಬಹುದು. ಅದು ತೂಗಿದ್ದು ನ್ಯಾಯವೇ ಎಂದು ಕೇಳುವುದು ಅರ್ಥಶಾಸ್ತ್ರದ, ರಾಜ್ಯಶಾಸ್ತ್ರದ, ಸಮಾಜಶಾಸ್ತ್ರದ ಕೆಲಸ. ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಪರೀಕ್ಷೆಗೆಂದು ಮಾತ್ರ ಓದದೆ ಸ್ವಲ್ಪ ಅಕ್ಕರೆಯಿಂದ ಓದಿದರೆ, ಈ ಲೆಕ್ಕವನ್ನು ಬಿಡಿಸಿ ನೋಡುವವರು ನಮ್ಮಂಥ ಸರಕಾರಿ ಕಾಲೇಜುಗಳಿಂದಲೂ ಹೊರಬಂದಾರು. ಗುರುಗಳು ದಾರಿ ತೋರಿದರೆ ಮುಂದಿನ ವರ್ಷ ನಮ್ಮ ಊರಿನಲ್ಲಿಯೇ ಆ್ಯಪುಗಳಿಗಾಗಿ ದುಡಿಯುವವರನ್ನು ಕಂಡು, ಅವರು ಒಪ್ಪಿ ಕೊಟ್ಟಷ್ಟು ದಿನಗೂಲಿಯ ಲೆಕ್ಕವನ್ನು ಬರೆದುಕೊಂಡು ತಾಳೆ ನೋಡುವ ಸಣ್ಣ ಅಧ್ಯಯನವೊಂದನ್ನು ಕಿರಿಯ ಮಿತ್ರರು ಕೈಗೊಳ್ಳಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.